ಏಳೂ ಹತ್ತರ ಚೀಟಿ

ಬೇರೆಯವರು ಓಡಿದರೆ ಬೆವರು ಬರುತ್ತೆ, ತೂಕ ಇಳಿಯುತ್ತೆ, ಅಷ್ಟೇ. ನಾನು ಓಡಿದರೆ ಏನಾದರೊಂದು ಆಗೇ ಆಗುತ್ತೆ. ತೊಂಬತ್ತರ ದಶಕದಲ್ಲಿ ಗುಜರಾತಿನಲ್ಲಿದ್ದ ಅಷ್ಟೂ ವರ್ಷ, ಮೊದಲು ಸೂರತ್, ಆಮೇಲೆ ವಡೋದರಾ, ಕೊನೆಗೆ ಅಹಮದಾಬಾದು, ಬೆಳಗ್ಗೆ ಬೂಟು ಕಟ್ಟಿಕೊಂಡು ಹೊರಗೆ ಕಾಲಿಟ್ಟರೆ ಸಾಕು, ಮೈ ಜುಂ ಅನ್ನಿಸುವಂಥದ್ದು ಏನೋ ಒಂದು ನನಗೋಸ್ಕರವೇ ಕಾದು ಕೂತಿರುತ್ತಿತ್ತು. ಈಗ ಹೇಳಿದರೆ ಎಲ್ಲರೂ ನಗುತ್ತಾರೆ. ನಗಲಿ ಬಿಡಿ. ಆಗ ರಸ್ತೆಯಲ್ಲಿ ನಾನೊಬ್ಬನೇ ಇದ್ದೆ, ನಗೋಕೆ ಜೊತೆಗೆ ಯಾರೂ ಇರಲಿಲ್ಲ.

೧. ಮೂಗಿನ ಕೆಳಗಿನ ಬೆರಳು

ಯಾಕೆ ಓಡೋಕೆ ಶುರುಮಾಡಿದೆ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ನಮ್ಮ ತಾತ ನಲವತ್ತೈದಕ್ಕೆ ಹೋದರು. ದೊಡ್ಡಪ್ಪ ನಲವತ್ತೈದಕ್ಕೆ ಹೋದರು. ನಮ್ಮಪ್ಪ ನಲವತ್ತೈದು ತುಂಬಿದ ಮೂರನೇ ತಿಂಗಳು ಊಟಕ್ಕೆ ಕೂತವರು ಎದ್ದೇ ಇಲ್ಲ. ಮೂವರೂ ಒಂದು ದಿನವೂ ಕಾಯಿಲೆ ಅಂತ ಮಲಗಿದವರಲ್ಲ. ನಮ್ಮ ಮನೆಯ ಗಂಡಸರಲ್ಲಿ ನಲವತ್ತಾರು ಅನ್ನೋ ವಯಸ್ಸನ್ನ ಕಂಡವರೇ ಇರಲಿಲ್ಲ.

ಇದರ ಮೇಲೆ ನನ್ನ ಕೆಲಸ ಬೇರೆ. ವಿಮಾ ಕಚೇರಿಯಲ್ಲಿ ಸಾವಿನ ಕ್ಲೇಮುಗಳ ವಿಭಾಗ. ದಿನ ಬೆಳಗಾದರೆ ಸತ್ತವರ ಕಾಗದ. ಮರಣ ಪ್ರಮಾಣಪತ್ರ, ಸ್ಮಶಾನದ ಚೀಟಿ, ಡಾಕ್ಟರ ವರದಿ. ವಯಸ್ಸಿನ ಕಾಲಂನಲ್ಲಿ ನಲವತ್ತೈದು ಅಂತ ಕಂಡರೆ ಆ ಫೈಲನ್ನ ಮೆಲ್ಲಗೆ ಪಕ್ಕದ ಮೇಜಿಗೆ ತಳ್ಳಿಬಿಡುತ್ತಿದ್ದೆ.

ನನಗೆ ನಲವತ್ತು ದಾಟಿದ ವರ್ಷ ಅಮ್ಮ ತುಮಕೂರಿನಿಂದ ಸೂರತ್ತಿಗೆ ಬಂದು ನಮ್ಮ ಜೊತೆಗೇ ಇದ್ದುಬಿಟ್ಟಳು. ಬಂದ ಮೂರನೇ ದಿನ ಬೆಳಗಿನ ಜಾವ ನನಗೆ ಎಚ್ಚರವಾಯಿತು. ಕತ್ತಲಲ್ಲಿ ಮಂಚದ ಪಕ್ಕ ಯಾರೋ ನಿಂತಿದ್ದಾರೆ. ವಿಭೂತಿ ವಾಸನೆಯ ತಣ್ಣನೆ ಬೆರಳೊಂದು ನನ್ನ ಮೂಗಿನ ಕೆಳಗಿದೆ. ನಾನು ಕಿರುಚಿದೆ. ನಾನು ಕಿರುಚಿದ್ದಕ್ಕೆ ನನ್ನ ಹೆಂಡತಿ ಕಿರುಚಿದಳು. ಅಮ್ಮ ಮಾತ್ರ ಒಂದಿಷ್ಟೂ ಗಾಬರಿಯಾಗದೆ, ಬೆರಳು ಸೆರಗಿಗೆ ಒರೆಸಿಕೊಂಡು ಹೇಳಿದಳು: "ಇದೆ. ಮಲಕ್ಕೋ."

ಉಸಿರು ಇದೆ ಅಂತ. ಆಮೇಲೆ ಅದೇ ಅಭ್ಯಾಸವಾಯಿತು. ದಿನಾ ಬೆಳಗಿನ ಜಾವ ಬೆರಳು, ದಿನಾ "ಇದೆ." ಇಂಥ ಅಲಾರಂ ಇರುವ ಮನೆಯಲ್ಲಿ ಯಾರು ತಾನೇ ಮಲಗಿರ್ತಾರೆ? ಹೇಗೂ ಎಚ್ಚರ ಆಗುತ್ತಲ್ಲ ಅಂತ ಎದ್ದು ಓಡೋಕೆ ಶುರುಮಾಡಿದೆ.

೨. ಬೂಟಿನ ಅಡಿ

ಸೂರತ್ತಿನ ಕತಾರ್‌ಗಾಮಿನಲ್ಲಿ ನಮ್ಮ ಬಾಡಿಗೆ ಮನೆ. ಸುತ್ತ ವಜ್ರ ಉಜ್ಜುವ ಕಾರ್ಖಾನೆಗಳು. ಹಗಲೆಲ್ಲ ಕಾಲಿಡೋಕೆ ಜಾಗ ಇಲ್ಲದ ಗಲ್ಲಿಗಳು ಬೆಳಗಿನ ಜಾವ ಬಿಕೋ ಅನ್ನುತ್ತಿದ್ದವು. ಓಡೋಕೆ ಶುರುಮಾಡಿದ ಮೊದಲ ವಾರವೇ ಒಂದು ದಿನ ಮಂಜು. ಗಲ್ಲಿ ತಿರುಗಿದೆ, ನೋಡ್ತೀನಿ, ಎರಡೂ ಕಡೆ ನೆಲದ ಮೇಲೆ ಹತ್ತು ಹನ್ನೆರಡು ಜನ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮುಖದ ತುಂಬ ಬಟ್ಟೆ. ಮಾತಿಲ್ಲ ಕತೆಯಿಲ್ಲ, ಸಣ್ಣ ಬ್ರಷ್ಷಿನಲ್ಲಿ ನೆಲವನ್ನ ಸರ್ ಸರ್ ಅಂತ ಗುಡಿಸುತ್ತಿದ್ದಾರೆ. ನನ್ನ ಹೆಜ್ಜೆ ಸಪ್ಪಳಕ್ಕೆ ಎಲ್ಲರೂ ಒಟ್ಟಿಗೆ ತಲೆ ಎತ್ತಿದರು.

ತಿರುಗಿ ಓಡೋಣ ಅಂದುಕೊಳ್ಳುವಷ್ಟರಲ್ಲಿ ಒಂದು ಒಣಕಲು ಕೈ ನನ್ನ ಕಾಲಿನ ಹರಡು ಹಿಡಿಯಿತು. ಒಬ್ಬಳು ಮುದುಕಿ. ಅಲ್ಲಾಡಬೇಡ ಅಂತ ಗುಜರಾತಿಯಲ್ಲಿ ಹೇಳಿದಳು. ನಾನು ಎಲ್ಲಿ ಅಲ್ಲಾಡಲಿ? ನನ್ನ ಬೂಟು ಬಿಚ್ಚಿಸಿದಳು, ಅಡಿ ಮೇಲಾಗಿ ತಿರುಗಿಸಿ ಗೀರುಗಳಲ್ಲಿದ್ದ ಧೂಳನ್ನೆಲ್ಲ ಒಂದು ತಟ್ಟೆಗೆ ಗುಡಿಸಿಕೊಂಡಳು, ಇನ್ನೊಂದು ಬೂಟಿಗೂ ಹಾಗೇ ಮಾಡಿದಳು. ಆಮೇಲೆ ಅವಳೇ ಬೂಟು ತೊಡಿಸಿ ಹೋಗು ಅಂತ ಕೈ ಬೀಸಿದಳು.

ವಿಷಯ ಏನು ಅಂತ ಮಧ್ಯಾಹ್ನ ಆಫೀಸಿನಲ್ಲಿ ಗೊತ್ತಾಯಿತು. ಕಾರ್ಖಾನೆಯಲ್ಲಿ ಸಾಸಿವೆಗಿಂತ ಸಣ್ಣ ವಜ್ರದ ಹರಳು ಸಿಡಿದು ಕೆಲಸಗಾರರ ಬಟ್ಟೆಗೋ ಚಪ್ಪಲಿಗೋ ಅಂಟಿಕೊಂಡು ಗಲ್ಲಿಗೆ ಬೀಳುತ್ತೆ. ಬೆಳಗಾಗುವ ಮೊದಲು ಇವರು ಬಂದು ಆ ಧೂಳನ್ನ ಗುಡಿಸಿ, ಜಾಲಿಸಿ ಹುಡುಕುತ್ತಾರೆ. ನಾನು ಅವರ ಮಧ್ಯೆ ಓಡಿ ಅವರ ಅನ್ನವನ್ನ ಬೂಟಿಗೆ ಅಂಟಿಸಿಕೊಂಡು ಹೋಗುತ್ತಿದ್ದೆ. ಅವತ್ತಿನಿಂದ ನಾನೇ ಅಲ್ಲಿ ನಿಂತು ಕಾಲು ಎತ್ತಿ ಕೊಡುತ್ತಿದ್ದೆ. ನನ್ನ ಮುಖಕ್ಕಿಂತ ಬೂಟಿನ ಅಡಿಯೇ ಚೊಕ್ಕಟವಾಗಿದೆ ಅಂತ ನನ್ನ ಹೆಂಡತಿ ಹೇಳಿದಳು. ವಡೋದರಾಕ್ಕೆ ವರ್ಗವಾದಾಗ ಆಫೀಸಿನವರು ಒಂದು ಹಾರ ಹಾಕಿದರು. ಮುದುಕಿ ಮಾತ್ರ ನಿಜವಾಗಿ ಬೇಜಾರು ಮಾಡಿಕೊಂಡಳು. ಸೂರತ್ತಿನಲ್ಲಿ ನನ್ನ ಪಾದಕ್ಕೆ ಅಷ್ಟು ಬೆಲೆ ಕೊಟ್ಟವರು ಇನ್ಯಾರೂ ಇರಲಿಲ್ಲ.

೩. ಹಿಂದೆ ಬರುತ್ತಿದ್ದದ್ದು

ವಡೋದರಾದಲ್ಲಿ ನಾವಿದ್ದದ್ದು ಊರ ಅಂಚಿನ ಒಂದು ಸೊಸೈಟಿಯಲ್ಲಿ, ಮನೆಗಳ ಕಾಲೋನಿಗೆ ಅಲ್ಲಿ ಹಾಗಂತಾರೆ. ಅಲ್ಲಿಂದ ಕಾರ್ಖಾನೆಗಳ ಕಡೆ ಹೋಗುವ ರಸ್ತೆಯಲ್ಲಿ ಓಡುತ್ತಿದ್ದೆ. ದೂರದಲ್ಲಿ ಎತ್ತರದ ಚಿಮಣಿಯ ತುದಿಯಲ್ಲಿ ಬೆಂಕಿ ಉರಿಯುತ್ತಿರುತ್ತೆ. ಮಂಜಿದ್ದ ದಿನ ಅರ್ಧ ಆಕಾಶ ಕೆಂಪಗೆ ಕಾಣುತ್ತೆ, ಗಾಳಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಅಂಥ ರಸ್ತೆಯಲ್ಲಿ ಒಂದು ದಿನ ನನ್ನ ಹಿಂದೆ ಕೀಂಯ್... ಕೀಂಯ್ ಅಂತ ಸದ್ದು.

ನಿಂತೆ. ಸದ್ದೂ ನಿಂತಿತು. ತಿರುಗಿ ನೋಡಿದೆ, ಮಂಜು ಬಿಟ್ಟರೆ ಏನೂ ಇಲ್ಲ. ಓಡಿದೆ. ಕೀಂಯ್ ಕೀಂಯ್. ಜೋರಾಗಿ ಓಡಿದೆ, ಅದೂ ಜೋರಾಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಲವತ್ತೈದಕ್ಕೆ ಇನ್ನೂ ಎರಡು ವರ್ಷ ಇದೆ, ಇದೇನು ಇಷ್ಟು ಮುಂಚೆಯೇ ಬಂದು ನೋಡಿಕೊಂಡು ಹೋಗ್ತಿದೆ ಅಂತ ಒಳಗೊಳಗೇ ನಡುಗುತ್ತಿದ್ದೆ. ಒಂದು ತಿಂಗಳು ಹೀಗೇ ನಡೆಯಿತು. ಹತ್ತು ಕಿಲೋಮೀಟರು ಓಡೋಕೆ ಎಂಬತ್ತು ನಿಮಿಷ ಹಿಡಿಯುತ್ತಿದ್ದವನು ಅರವತ್ತೈದಕ್ಕೆ ಇಳಿದೆ.

ಕೊನೆಗೊಂದು ದಿನ ಧೈರ್ಯ ಮಾಡಿ ಮರದ ಹಿಂದೆ ಅಡಗಿ ನಿಂತೆ. ಮಂಜಿನೊಳಗಿಂದ ನಮ್ಮ ಸೊಸೈಟಿಯ ಹಾಲಿನವನು ಸೈಕಲ್ ತುಳಿದುಕೊಂಡು ಬಂದ. ಎರಡೂ ಪಕ್ಕ ಹಾಲಿನ ಕ್ಯಾನು. ನನ್ನನ್ನ ಕಂಡು ಅವನೇ ಬೆಚ್ಚಿಬಿದ್ದ. ಅವನು ಹೇಳಿದ್ದು ಇಷ್ಟು. ಅಮ್ಮನಿಗೆ ಗುಜರಾತಿ ಬರೋದಿಲ್ಲ, ಅವನಿಗೆ ಕನ್ನಡ ಬರೋದಿಲ್ಲ. ಒಂದು ದಿನ ಅಮ್ಮ ಅವನನ್ನ ಬಾಗಿಲಲ್ಲಿ ನಿಲ್ಲಿಸಿ, ಓಡಿಹೋಗುತ್ತಿದ್ದ ನನ್ನ ಬೆನ್ನು ತೋರಿಸಿ, ಎದೆ ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ನಾಲಿಗೆ ಹೊರಗೆ ಹಾಕಿ ಗೋಡೆಗೆ ಒರಗಿದಳಂತೆ. ಆಮೇಲೆ ಅವನ ಸೈಕಲ್ಲಿನ ಕ್ಯಾರಿಯರನ್ನ ಎರಡು ಸಲ ತಟ್ಟಿದಳಂತೆ. ಅವನಿಗೆ ಎಲ್ಲ ಅರ್ಥವಾಯಿತು. ನಾನು ಬಿದ್ದ ದಿನ ಎತ್ತಿ ಹಾಕಿಕೊಂಡು ಬರೋಣ ಅಂತ ದಿನಾ ಹಿಂದೆ ಬರುತ್ತಿದ್ದ.

ಇಡೀ ಸೊಸೈಟಿಗೆ ಒಂದು ತಿಂಗಳಿಂದ ಹಾಲು ತಡವಾಗುತ್ತಿದ್ದದ್ದು ಯಾಕೆ ಅಂತಲೂ ಅವತ್ತೇ ಗೊತ್ತಾಯಿತು. ಇನ್ನು ಬರಬೇಡಪ್ಪ ಅಂದೆ. ಅವನು ಸಂಕೋಚದಿಂದ ಕೇಳಿದ, "ಹಾಗಾದರೆ ಅಂದಾಜು ಯಾವತ್ತು ಸಾಹೇಬ್?"

೪. ಕರಾರು

ಅಹಮದಾಬಾದಿಗೆ ವರ್ಗವಾಗಿ ಮಣಿನಗರದಲ್ಲಿ ಮನೆ ಮಾಡಿದ ಮೇಲೆ, ನವೆಂಬರಿನಲ್ಲಿ ನನಗೆ ನಲವತ್ತೈದು ತುಂಬಿತು. ಜನವರಿಯಲ್ಲಿ ನಮ್ಮ ಕಚೇರಿಯ ಕ್ರೀಡಾಕೂಟ. ಆ ವರ್ಷ ಮೊದಲ ಸಲ ಹಾಫ್ ಮ್ಯಾರಥಾನ್ ಇಟ್ಟಿದ್ದರು, ಇಪ್ಪತ್ತೊಂದು ಕಿಲೋಮೀಟರು, ಮೂರು ಗಂಟೆಯೊಳಗೆ ಮುಗಿಸಬೇಕು. ನಾನು ಹೆಸರು ಕೊಟ್ಟುಬಂದೆ.

ಅಮ್ಮ ಊಟ ಬಿಟ್ಟಳು. ಮುಂದಿನ ವರ್ಷ ನಲವತ್ತು ಕಿಲೋಮೀಟರು ಬೇಕಾದರೂ ಓಡು, ಈ ವರ್ಷ ಮನೆಯಿಂದ ಆಫೀಸಿಗೂ ಆಟೋದಲ್ಲಿ ಹೋಗು ಅಂದಳು. ಅಷ್ಟು ಹೊತ್ತಿಗೆ ಬೆರಳು ಬೆಳಗಿನ ಜಾವಕ್ಕೆ ಮಾತ್ರ ಅಲ್ಲ, ಭಾನುವಾರ ಮಧ್ಯಾಹ್ನದ ನಿದ್ದೆಗೂ ಬರುತ್ತಿತ್ತು. ಅವಳಿಗೂ ನಿದ್ದೆ ಇಲ್ಲ, ನನಗೂ ಇಲ್ಲ. ಕಣ್ಣಿನ ಕೆಳಗೆ ಕಪ್ಪಾಗಿ, ಅರ್ಧ ಆಳಾಗಿದ್ದಳು. ನೋಡಿದರೆ ಸಂಕಟವಾಗುತ್ತಿತ್ತು. ಹೀಗೇ ಬಿಟ್ಟರೆ ನನಗಿಂತ ಮೊದಲು ಇವಳೇ ಹೋಗ್ತಾಳೆ ಅನ್ನಿಸಿಬಿಟ್ಟಿತು.

ಕೂರಿಸಿಕೊಂಡು ಹೇಳಿದೆ, ಇಪ್ಪತ್ತೊಂದು ಕಿಲೋಮೀಟರು ಓಡಿದ ಎದೆ ಊಟಕ್ಕೆ ಕೂತಲ್ಲಿ ನಿಲ್ಲೋದಿಲ್ಲಮ್ಮ. ಓಡಿ ಮುಗಿಸಿದ ಸರ್ಟಿಫಿಕೇಟು ತಂದು ನಿನ್ನ ಕೈಯಲ್ಲಿಡ್ತೀನಿ, ಆಮೇಲೆ ನೀನು ಮೂಗಿನ ಹತ್ತಿರ ಕೈ ತರಬಾರದು, ರಾತ್ರಿ ಪೂರ್ತಿ ಮಲಗಬೇಕು. ಅಮ್ಮ, "ಕಾಗದದಲ್ಲಿ ಬರೆದು, ಸೀಲು ಹಾಕಿರಬೇಕು" ಅಂದಳು. ಮೂವತ್ತು ವರ್ಷ ಒಬ್ಬಳೇ ವಿಧವಾ ಪಿಂಚಣಿಗೆ ಓಡಾಡಿದವಳು, ಬಾಯಿಮಾತನ್ನ ನಂಬುತ್ತಿರಲಿಲ್ಲ.

ನಾನು ತುಂಬಿದ ಅರ್ಜಿಯಲ್ಲಿ ಕೊನೆಯ ಕಾಲಂ ವಾರಸುದಾರರ ಹೆಸರು. ಓಟದ ಅರ್ಜಿಗೆ ಅದು ಯಾಕೆ ಅಂತ ಕ್ರೀಡಾ ಕಾರ್ಯದರ್ಶಿಯನ್ನ ಕೇಳಿದೆ. ಅವರು ನಮ್ಮ ವಿಭಾಗದವರೇ, ನನ್ನ ಎದುರು ಮೇಜಿನ ಗುಜರಾತಿ ಮಹಾಶಯರು. ಆ ಕಾಲಂ ಇಲ್ಲದ ಅರ್ಜಿ ಅಚ್ಚು ಹಾಕಿಸೋಕೆ ನಮ್ಮ ಆಫೀಸಿನಲ್ಲಿ ಯಾರಿಗೂ ಕೈ ಬರಲಿಲ್ಲ ಅಂದರು.

೫. ಎಡಗಡೆಯ ಮೇಜು

ಉತ್ತರಾಯಣದ ಗಾಳಿಪಟದ ಹಬ್ಬ ಕಳೆದು ಒಂದು ವಾರವಾಗಿತ್ತು. ಓಟದ ಹಿಂದಿನ ದಿನ ಮೋಡ ಕವಿಯಿತು, ಬೆಳಗಾಗುವಷ್ಟರಲ್ಲಿ ಅಕಾಲದ ಮಳೆ. ಮಾವಠು ಅಂತಾರೆ ಅಲ್ಲಿ. ಹಲ್ಲು ಕಟಕಟ ಅನ್ನೋ ಚಳಿ, ಅದರ ಮೇಲೆ ಸೂಜಿ ಹಾಗೆ ಹನಿ. ಆಫೀಸಿನ ಮೈದಾನದಲ್ಲಿ ನಲವತ್ತೊಂದು ಜನ ಸೇರಿದ್ದೆವು. ಎಲ್ಲರಿಗೂ ಹೊದೆಯೋಕೆ ಒಂದೊಂದು ಬಿಳೀ ಪ್ಲಾಸ್ಟಿಕ್ ಹಾಳೆ ಕೊಟ್ಟರು. ಮಳೆಗೆ ಏನೂ ಕಾಣೋದಿಲ್ಲ ಅಂತ ನಾನು ಕನ್ನಡಕ ಮನೆಯಲ್ಲೇ ಬಿಟ್ಟಿದ್ದೆ. ಕಾರ್ಯದರ್ಶಿಗಳು ನಿಯಮ ಹೇಳಿದರು: ನದಿ ಪಕ್ಕದ ರಸ್ತೆಯಲ್ಲಿ ಸೀದಾ ಹೋಗಿ, ದೊಡ್ಡ ಅರಳಿಮರ ದಾಟಿದ ಮೇಲೆ ಎಡಗಡೆ ಮೇಜು ಹಾಕಿಕೊಂಡು ಒಬ್ಬರು ಕೂತಿರುತ್ತಾರೆ. ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಹೊತ್ತು ಬರೆಸಿ, ಸಹಿ ಹಾಕಿ ವಾಪಸ್ ಬನ್ನಿ.

ಐದೂ ಮುಕ್ಕಾಲಿಗೆ ಹೊರಟೆವು. ಒಂದು ಕಿಲೋಮೀಟರಿಗೇ ನಾನು ಕೊನೆಯವನಾದೆ. ಎರಡನೆಯದಕ್ಕೆ ಮುಂದಿನವರ ಬೆನ್ನೂ ಕಾಣಲಿಲ್ಲ. ಮರಗಳಲ್ಲಿ ಸಿಕ್ಕಿಕೊಂಡ ಗಾಳಿಪಟಗಳು ಮಳೆಗೆ ನೆನೆದು ಜೋತುಬಿದ್ದಿದ್ದವು, ಹರಿದ ದಾರ ಆಗಾಗ ಬಂದು ಮುಖ ಸವರುತ್ತಿತ್ತು. ಐದನೇ ಕಿಲೋಮೀಟರಿನ ಹತ್ತಿರ ಎದುರುಗಡೆಯಿಂದ ಒಂದು ಬಿಳೀ ಆಕಾರ ಬಂತು. ಹಿಂದೆ ಇನ್ನೊಂದು. ಪ್ಲಾಸ್ಟಿಕ್ ಹೊದ್ದ ನಮ್ಮವರೇ, ಒಬ್ಬೊಬ್ಬರಾಗಿ ವಾಪಸ್ ಬರುತ್ತಿದ್ದರು. ಚಳಿಗೆ ಯಾರ ಬಾಯಲ್ಲೂ ಮಾತಿಲ್ಲ. ಒಬ್ಬರು ಮಾತ್ರ ಹಿಂದಕ್ಕೆ ಕೈ ತೋರಿಸಿದರು, ಹೋಗು ಹೋಗು ಅಂತಿದ್ದಾರೆ ಅಂದುಕೊಂಡೆ. ಇಷ್ಟು ಬೇಗ ಹೇಗೆ ತಿರುಗಿದರಪ್ಪ ಅಂತ ಆಶ್ಚರ್ಯ ಆಯ್ತು. ಭಯ ಕಳೆಯೋಕೆ ಎಣಿಸಿದೆ. ನಲವತ್ತು. ಅಲ್ಲಿಗೆ ಎಲ್ಲರೂ ಮುಗಿದರು. ಆಮೇಲೆ ಆ ರಸ್ತೆಯಲ್ಲಿ ನಾನು, ಮಳೆ, ಪಕ್ಕದಲ್ಲಿ ಕಾಣದ ನದಿ.

ನಿಜ ಹೇಳ್ತೀನಿ, ಅಷ್ಟು ಹೆದರಿಕೆ ನನಗೆ ಜೀವನದಲ್ಲಿ ಇನ್ನೆಂದೂ ಆಗಿಲ್ಲ. ಎದೆ ಒಳಗಿಂದ ಗುದ್ದುತ್ತಿತ್ತು. ಅಪ್ಪನ ಊಟದ ತಟ್ಟೆ ಕಣ್ಣಮುಂದೆ ಬಂತು. ಇಲ್ಲೇ ಬಿದ್ದರೆ ಹಾಲಿನವನೂ ಇಲ್ಲ ಅನ್ನಿಸಿತು.

ಕೊನೆಗೂ ಅರಳಿಮರ ಬಂತು. ದಾಟಿದೆ. ಎಡಗಡೆ ಒಂದು ಗೇಟು, ಪಕ್ಕದಲ್ಲಿ ತಗಡಿನ ಚಪ್ಪರ, ಅದರಡಿ ಮೇಜು, ಮೇಜಿನ ಮೇಲೆ ಲಾಂದ್ರ, ದಪ್ಪ ರಿಜಿಸ್ಟರು, ಕಂಬಳಿ ಹೊದ್ದ ವಯಸ್ಸಾದ ಗುಮಾಸ್ತ. ದೇವರೇ ಸಿಕ್ಕ ಹಾಗಾಯಿತು. ಅವನು ತಲೆ ಎತ್ತದೆ ಹೆಸರು ಕೇಳಿದ. ಹೇಳಿದೆ. ವಯಸ್ಸು? ನಲವತ್ತೈದು. ಛೆ, ಸಣ್ಣ ವಯಸ್ಸು ಅಂತ ಲೊಚಗುಟ್ಟಿದ. ನನಗೆ ಖುಷಿಯಾಯಿತು. ಮನೆ? ಮಣಿನಗರ. ಎಷ್ಟು ಹೊತ್ತಿಗೆ? ಗಡಿಯಾರ ನೋಡಿ ಏಳೂ ಹತ್ತು ಅಂದೆ. ಹೇಗಾಯಿತು ಅಂತ ಕೇಳಿದ. ಓಟ ಹೇಗಾಯಿತು ಅಂತ ವಿಚಾರಿಸುತ್ತಿದ್ದಾನೆ, ಒಳ್ಳೇ ಮನುಷ್ಯ. ವಿಪರೀತ ಚಳಿ, ಎದೆ ಹಿಡಿದುಕೊಂಡಿದೆ ಅಂದೆ. ಅದನ್ನೂ ಬರೆದುಕೊಂಡ. ರಿಜಿಸ್ಟರು ತಿರುಗಿಸಿದ, ಬೆರಳಿಟ್ಟ ಕಡೆ ಸಹಿ ಹಾಕಿದೆ. ಮೂವತ್ತು ವರ್ಷದ ಸರ್ವಿಸಿನಲ್ಲಿ ರಿಜಿಸ್ಟರು ಮುಂದಿಟ್ಟರೆ ಓದಿ ಸಹಿ ಹಾಕಿದ ಗುಮಾಸ್ತ ಇದ್ದರೆ ನನಗೆ ತೋರಿಸಿ.

ಜೊತೆಗೆ ಯಾರು ಬಂದಿದ್ದಾರೆ ಅಂತ ಕೇಳಿದ.

"ಯಾರೂ ಇಲ್ಲ ಕಾಕಾ. ನಲವತ್ತು ಜನ ಮೊದಲೇ ಹೋದರು. ನಾನೇ ಕೊನೆಯವನು."

ಪೆನ್ನು ನಿಂತಿತು. "ಒಂದೇ ಮನೆಯವರಾ?"

"ಒಂದೇ ಆಫೀಸಿನವರು."

ಆಗ ಅವನು ಮೊದಲ ಸಲ ತಲೆ ಎತ್ತಿದ. ಲಾಂದ್ರ ಎತ್ತಿ ನನ್ನ ಮುಖಕ್ಕೆ ಹಿಡಿದ. ಬಿಳೀ ಹಾಳೆ, ನೀಲಿ ತುಟಿ, ತಲೆಯಿಂದ ತೊಟ್ಟಿಕ್ಕುವ ನೀರು. ಬಹಳ ನಿಧಾನಕ್ಕೆ ಒಂದು ಚೀಟಿ ಹರಿದು ಮೇಜಿನ ತುದಿಯಲ್ಲಿಟ್ಟು ಕೈ ಹಿಂದಕ್ಕೆ ಎಳೆದುಕೊಂಡ. ನೆನೆದೀತು ಅಂತ ನಾನು ಅದನ್ನ ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡೆ. ಕಟ್ಟಿಗೆ ಒದ್ದೆಯಾಗಿದೆ, ಸ್ವಲ್ಪ ಹೊತ್ತಾಗುತ್ತೆ ಅಂತ ತೊದಲಿದ. ನನಗೆ ಮೈ ಕಾಯಿಸಿಕೊಳ್ಳೋಕೆ ಬೆಂಕಿ ಹಾಕ್ತಾನಂತೆ, ಪಾಪ. ಬೇಡ ಕಾಕಾ, ವಾಪಸ್ ಹೋಗಬೇಕು, ಮನೆಯಲ್ಲಿ ಅಮ್ಮ ಕಾಯ್ತಿದ್ದಾಳೆ ಅಂದೆ.

ಅವನು ಎರಡೂ ಕೈ ಜೋಡಿಸಿದ. "ಇಲ್ಲಿಗೆ ಬಂದವರು ಹಾಗೆ ವಾಪಸ್ ಹೋಗಬಾರದು ಭಾಯ್."

"ರೂಲ್ಸೇ ಹಾಗಿದೆ ಕಾಕಾ" ಅಂತ ಹೇಳಿ ತಿರುಗಿ ಓಡಿದೆ. ಹಿಂದೆ ಕುರ್ಚಿ ಬಿದ್ದ ಸದ್ದು, ಆಮೇಲೆ ಗಟ್ಟಿಯಾಗಿ ರಾಮನಾಮ. ಇಷ್ಟು ಬೆಳಗ್ಗೆ ಎಂಥ ಭಕ್ತಿ ಅಂತ ಮೆಚ್ಚಿಕೊಂಡೇ ಬಂದೆ.

೬. ದಾಖಲೆ

ಎಂಟೂ ಮೂವತ್ತೆಂಟಕ್ಕೆ ಮೈದಾನ ಮುಟ್ಟಿದೆ. ಕಾಲು ನನ್ನವಲ್ಲ, ಆದರೆ ಬಿದ್ದಿರಲಿಲ್ಲ. ಏಳು ನಿಮಿಷ ಇನ್ನೂ ಬಾಕಿ ಇತ್ತು. ಕಾರ್ಯದರ್ಶಿಗಳು ತಮ್ಮ ಪಟ್ಟಿ ನೋಡಿ, ನಿಮ್ಮ ಹೆಸರೇ ಇಲ್ಲವಲ್ಲ, ಸರ್ಟಿಫಿಕೇಟು ಕೊಡೋಕೆ ಆಗೋದಿಲ್ಲ ಅಂದರು. ಮೇಜಿನವರು ಮಳೆಗೆ ಹೆದರಿ ಏಳನೇ ಕಿಲೋಮೀಟರಿನ ಚಾ ಅಂಗಡಿಯೊಳಗೇ ಕೂತುಬಿಟ್ಟಿದ್ದರಂತೆ. ನಲವತ್ತು ಜನರೂ ಅಲ್ಲೇ ಚಾ ಕುಡಿದು, ಸಹಿ ಹಾಕಿ ತಿರುಗಿದ್ದರಂತೆ.

ನನಗೆ ಅಳು ಬರೋದೊಂದು ಬಾಕಿ. ಅಮ್ಮನಿಗೆ ಏನು ತೋರಿಸಲಿ? ನಾನೂ ಸಹಿ ಹಾಕಿದ್ದೇನೆ ಸ್ವಾಮಿ, ಅರಳಿಮರದ ಆಚೆ, ಪುರಾವೆ ಇದೆ ಅಂತ ಚೀಟಿ ತೆಗೆದುಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು. ಮತ್ತೆ ಓದಿದರು. ಆಮೇಲೆ ಬಗ್ಗಿ ನನ್ನ ಪಾದ ಯಾವ ಕಡೆಗೆ ತಿರುಗಿದೆ ಅಂತ ನೋಡಿದರು. ಸುತ್ತಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

ಅದು ಸ್ಮಶಾನದ ಚೀಟಿ. ಮೃತರ ಹೆಸರು, ನನ್ನದು. ವಯಸ್ಸು ನಲವತ್ತೈದು. ಮೃತಪಟ್ಟ ಹೊತ್ತು ಏಳೂ ಹತ್ತು. ಕಾರಣ, ಚಳಿ ಮತ್ತು ಎದೆನೋವು. ದಿನಕ್ಕೆ ನಾಲ್ಕು ಅಂಥ ಚೀಟಿ ಫೈಲಿಗೆ ಹಚ್ಚುವ ನಾನು, ಕನ್ನಡಕವಿಲ್ಲದೆ, ನನ್ನದನ್ನೇ ಗುರುತಿಸಿರಲಿಲ್ಲ. ಒದ್ದೆ ನೆಲದ ಮೇಲೆ ಕೂತುಬಿಟ್ಟೆ.

ಕಾರ್ಯದರ್ಶಿಗಳು ಮಾತ್ರ ಅಭ್ಯಾಸಬಲದಿಂದ ಚೀಟಿಯನ್ನ ಹಿಂದೆ ಮುಂದೆ ತಿರುಗಿಸಿ ಸೀಲು ನೋಡಿದರು. ಮಾಹಿತಿ ಕೊಟ್ಟವರ ಜಾಗದಲ್ಲಿ ಮೃತರೇ ಸಹಿ ಮಾಡಿದ್ದಾರೆ, ಅದೊಂದು ಆಕ್ಷೇಪಣೆ, ಉಳಿದಂತೆ ದಾಖಲೆ ಸರಿಯಾಗಿದೆ ಅಂದರು. ಸ್ಮಶಾನ ಇರೋದು ಸರಿಯಾಗಿ ಹತ್ತೂವರೆ ಕಿಲೋಮೀಟರಿಗೆ. ಅಂದರೆ ಪೂರ್ತಿ ದೂರ ಓಡಿದವನು ನಾನೊಬ್ಬನೇ. ಅಲ್ಲೇ ಸರ್ಟಿಫಿಕೇಟು ಬರೆದು ಸೀಲು ಒತ್ತಿ ಕೈಗಿಟ್ಟರು. ಜೀವಂತ ಇದ್ದೇನೆ ಅಂತ ಸೋಮವಾರ ಒಂದು ಅರ್ಜಿ ಬರೆದುಕೊಡಿ, ಫೈಲಿಗೆ ಬೇಕಾಗುತ್ತೆ ಅಂದರು.

೭. ಇದೆ

ಅಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ಐದೂ ಮುಕ್ಕಾಲಿನಿಂದ ನಿಂತಿದ್ದಾಳೆ ಅಂತ ಹೆಂಡತಿ ಹೇಳಿದಳು. ಸರ್ಟಿಫಿಕೇಟು ಕೊಡೋಕೆ ಚೀಲಕ್ಕೆ ಕೈ ಹಾಕಿದರೆ ಎರಡೂ ಕಾಗದ ಒಟ್ಟಿಗೆ ಬಂದವು. ನಾನು ಮುಚ್ಚಿಡುವಷ್ಟರಲ್ಲಿ ಹನ್ನೆರಡು ವರ್ಷದ ಮಗಳು ಚೀಟಿ ಕಿತ್ತುಕೊಂಡಳು. ಅವಳಿಗೆ ಗುಜರಾತಿ ಅಂದರೆ ನೀರು ಕುಡಿದ ಹಾಗೆ, ಕನ್ನಡವೇ ಕಷ್ಟ. ಗಟ್ಟಿಯಾಗಿ ಓದಿ ಅಜ್ಜಿಗೆ ಹೇಳಿಯೇಬಿಟ್ಟಳು: "ಅಜ್ಜಿ, ಪಪ್ಪಾ ಸೆವೆನ್ ಟೆನ್‌ಗೆ ಸತ್ತು ಹೋಯ್ತು ಅಂತ ಇದೆ."

ಅಮ್ಮನ ಮುಖ ಬಿಳುಚಿತು. ವಯಸ್ಸು ಎಷ್ಟು ಬರೆದಿದ್ದಾರೆ ಅಂತ ಕೇಳಿದಳು. ನಲವತ್ತೈದು ಅಂದೆ. ಸೀಲು ಇದೆಯಾ? ಇದೆ. ರಿಜಿಸ್ಟರಿನಲ್ಲೂ ಬರೆದಿದ್ದಾರಾ? ಬರೆದಿದ್ದಾರಮ್ಮ.

ಅಮ್ಮ ಹೊಸ್ತಿಲ ಮೇಲೆ ಕೂತಳು, ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಅಪ್ಪ ಹೋದ ದಿನ ಬಿಟ್ಟರೆ ಅವಳು ಹಾಗೆ ಅತ್ತದ್ದನ್ನ ನಾನು ನೋಡಿರಲಿಲ್ಲ. ನನಗೂ ತಡೆಯಲಿಲ್ಲ. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು ಹೇಳಿದಳು, "ಸದ್ಯ, ಆಗಿಹೋಯ್ತು. ಒಬ್ಬನ ಮೇಲೆ ಎರಡು ಸಲ ಕ್ಲೇಮು ನಡೆಯಲ್ಲ ಅಂತ ನೀನೇ ತಾನೆ ಹೇಳಿದ್ದು."

ಸರ್ಟಿಫಿಕೇಟನ್ನ ಕಣ್ಣೆತ್ತಿಯೂ ನೋಡಲಿಲ್ಲ. ಚೀಟಿಯನ್ನ ಅರಿಸಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟಳು. ನಾನು ಒಳಗೆ ಕಾಲಿಡೋಕೆ ಹೋದರೆ, ಸ್ಮಶಾನಕ್ಕೆ ಹೋಗಿ ಬಂದವನು ಹಾಗೇ ಬರ್ತೀಯಲ್ಲ ಅಂತ ಗದರಿ, ಇಪ್ಪತ್ತೊಂದು ಕಿಲೋಮೀಟರು ಮಳೆಯಲ್ಲಿ ಓಡಿ ಬಂದ ನನ್ನ ತಲೆಯ ಮೇಲೆ ಅಂಗಳದಲ್ಲೇ ಎರಡು ಕೊಡ ತಣ್ಣೀರು ಸುರಿದಳು. ಅವತ್ತು ನಿಜವಾಗಿ ಪ್ರಾಣ ಹೋಗಬೇಕಾಗಿದ್ದರೆ ಆಗಲೇ ಹೋಗಬೇಕಿತ್ತು.

ಮಾರನೇ ದಿನ ಬೆಳಗಿನ ಜಾವ ಅಭ್ಯಾಸದಂತೆ ಎಚ್ಚರವಾಯಿತು. ಬೆರಳಿಗೆ ಕಾದೆ. ಬರಲಿಲ್ಲ. ಮಣಿನಗರ ಸ್ಟೇಷನ್ನಿನ ಮೊದಲ ಲೋಕಲ್ಲು ಕೂಗಿಕೊಂಡು ಹೋಯಿತು, ಎರಡನೆಯದೂ ಹೋಯಿತು. ಮನೆಯೆಲ್ಲ ಸದ್ದಿಲ್ಲ. ಐದು ವರ್ಷದಲ್ಲಿ ಒಂದು ದಿನವೂ ತಪ್ಪದ ಬೆರಳು. ಕುಂಟುತ್ತಾ ಎದ್ದು ಹಾಲಿಗೆ ಹೋದೆ. ಅಮ್ಮ ಕಂಬಳಿ ಹೊದ್ದು ಅಲ್ಲಾಡದೆ ಮಲಗಿದ್ದಳು. ಬಗ್ಗಿ ಅವಳ ಮೂಗಿನ ಕೆಳಗೆ ಬೆರಳಿಟ್ಟೆ. ಚಳಿಗೆ ನನ್ನ ಬೆರಳು ಮರಗಟ್ಟಿತ್ತು, ಏನೂ ತಿಳಿಯಲಿಲ್ಲ. ನನ್ನ ಉಸಿರೇ ನಿಂತಿತು.

ಕಂಬಳಿಯೊಳಗಿಂದ ಧ್ವನಿ ಬಂತು: "ಇದೆ. ಸತ್ತಿರೋದು ನೀನು. ಹೋಗಿ ಮಲಕ್ಕೋ."